ಕಾಯಿ ಬಿಟ್ಟರೆ ಸಾಲದು: ಹಾಸನದ ಹವೆಯಲ್ಲಿ ಸೇಬಿನ ತಳಿಗಳ ಪರೀಕ್ಷೆ

(ಹಾಸನದಲ್ಲಿ ಬೆಳೆಗಾರರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿಬಂದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನು ಸೇರಿಸಿದ್ದೇನೆ.)

ಕೆಲವು ವರ್ಷಗಳಿಂದ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಆಪಲ್ ಗಿಡಗಳು ಕಾಣಿಸಿಕೊಳ್ಳತೊಡಗಿವೆ. ಕಾಫಿ ಕಣದ ಪಕ್ಕ ಎರಡು, ತೆಂಗಿನ ಸಾಲಿನ ನಡುವೆ ಹತ್ತು, ಧೈರ್ಯ ಮಾಡಿದವರಲ್ಲಿ ಅರ್ಧ ಎಕರೆ. ಮೊದಲ ಕಾಯಿ ಬಿಟ್ಟ ದಿನ ಅದರ ಫೋಟೋ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಓಡಾಡುತ್ತದೆ, ಅಕ್ಕಪಕ್ಕದ ಊರಿನವರು ಬಂದು ನೋಡಿ ಹೋಗುತ್ತಾರೆ, ಸಸಿ ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಾರೆ. ಅದೇ ಗಿಡ ಎರಡನೆಯ ವರ್ಷ ಏನು ಮಾಡಿತು, ಮೂರನೆಯ ವರ್ಷ ಎಷ್ಟು ಕಿಲೋ ಕೊಟ್ಟಿತು, ಹಣ್ಣು ಎಷ್ಟು ದಿನ ತಡೆಯಿತು ಎಂಬ ಸುದ್ದಿ ಮಾತ್ರ ಯಾವ ಗುಂಪಿಗೂ ಬರುವುದಿಲ್ಲ. ಗಿಡ ಕಾಯಿ ಬಿಟ್ಟಿತು ಎಂಬುದಕ್ಕೂ ತಳಿ ಈ ಸೀಮೆಗೆ ಒಗ್ಗಿತು ಎಂಬುದಕ್ಕೂ ನಡುವೆ ಇರುವ ದೂರವನ್ನು ಹೇಗೆ ಅಳೆಯಬೇಕು ಎಂಬುದೇ ಈ ದಿನದ ನನ್ನ ವಿಷಯ.

ಮೊದಲಿಗೆ, ಸಸಿ ಮಾರುವವರು ಹೇಳುವ ಒಂದು ಲೆಕ್ಕವನ್ನು ಬಿಡಿಸಿ ನೋಡಬೇಕು. ಹಿಮಾಚಲ ಪ್ರದೇಶದ ಬಿಲಾಸ್‌ಪುರ ಜಿಲ್ಲೆಯ ಪನಿಯಾಲಾ ಗ್ರಾಮದ ರೈತ ಹರಿಮನ್ ಶರ್ಮಾ ಅವರು ತಮ್ಮ ಹಿತ್ತಿಲಿನಲ್ಲಿ ತಾನಾಗಿ ಹುಟ್ಟಿದ ಸೇಬಿನ ಸಸಿಯೊಂದನ್ನು ಗುರುತಿಸಿ, ಕಸಿ ಮಾಡಿ ಬೆಳೆಸಿದ ತಳಿ ಎಚ್‌ಆರ್‌ಎಂಎನ್-99. ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದೆ. ಆ ಗೌರವಕ್ಕೆ ಅವರು ಅರ್ಹರೆಂಬುದರಲ್ಲಿ ನನಗೆ ಸಂಶಯವಿಲ್ಲ. ಸಂಶಯವಿರುವುದು ಆಮೇಲಿನ ತರ್ಕದಲ್ಲಿ. ‘ಆ ಊರು ಇರುವುದು 1800 ಅಡಿ ಎತ್ತರದಲ್ಲಿ, ನಮ್ಮ ಹಾಸನ 3000 ಅಡಿಗೂ ಮೇಲೆ, ಹಾಗಾಗಿ ನಮ್ಮಲ್ಲಿ ಇನ್ನೂ ಚೆನ್ನಾಗಿ ಬರಬೇಕು’ ಎಂದು ಹೇಳುವವರು ಅಕ್ಷಾಂಶವನ್ನು ಮರೆತಿರುತ್ತಾರೆ. ಬಿಲಾಸ್‌ಪುರ 31 ಡಿಗ್ರಿ ಉತ್ತರದಲ್ಲಿದೆ, ನಾವು 13 ಡಿಗ್ರಿಯಲ್ಲಿದ್ದೇವೆ. ಅಲ್ಲಿಯ ಚಳಿಗಾಲ ತಿಂಗಳುಗಟ್ಟಲೆ ಬಿಡದೆ ಇರುವಂಥದ್ದು. ನಮ್ಮಲ್ಲಿ ಮಾಗಿಯ ಚಳಿ ಬೆಳಗಿನ ಜಾವ ಬಂದು, ಬಿಸಿಲೇರಿದ ಕೂಡಲೇ ಎದ್ದು ಹೋಗುತ್ತದೆ.

ಚಳಿಗಾಲದಲ್ಲಿ ಮಲಗಿದ ಸೇಬಿನ ಮೊಗ್ಗು ಎಚ್ಚರಗೊಂಡು ಒಡೆಯಲು ಇಂತಿಷ್ಟು ಚಳಿ ಬೇಕು, ಹಾಗಾಗಿ ತಳಿಗಳನ್ನು ಚಳಿ ಗಂಟೆಗಳ ಲೆಕ್ಕದಲ್ಲಿ ವಿಂಗಡಿಸುವುದು ರೂಢಿ. ತಾಪಮಾನ 7.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವ ಒಂದೊಂದು ಗಂಟೆಯನ್ನೂ ಕೂಡುತ್ತಾ ಹೋದರೆ, ಕಾಶ್ಮೀರ ಮತ್ತು ಹಿಮಾಚಲದ ಹಳೆಯ ತಳಿಗಳಿಗೆ ಸಾವಿರದ ಆಸುಪಾಸು ಗಂಟೆ ಬೇಕಾಗುತ್ತದೆ. ಇಸ್ರೇಲಿನ ಅನ್ನಾ ತಳಿಗೆ 200ರಿಂದ 300 ಗಂಟೆ ಸಾಕೆನ್ನುತ್ತಾರೆ. ಸಸಿಯ ಚೀಟಿಯ ಮೇಲೆ ಅಚ್ಚಾಗಿರುವುದು ಈ ಸಂಖ್ಯೆಯೇ. ಆದರೆ ಹಾಸನದಲ್ಲಿ ಜನವರಿಯ ಸರಾಸರಿ ಕನಿಷ್ಠ ತಾಪಮಾನ 14 ಡಿಗ್ರಿಯ ಸುತ್ತ ಇರುತ್ತದೆ. 7.2ಕ್ಕಿಂತ ಕೆಳಗಿನ ಗಂಟೆಗಳನ್ನು ನಾವು ಚಳಿಗಾಲ ಪೂರ್ತಿ ಕಾದು ಕುಳಿತು ಎಣಿಸಿದರೂ ಕೈಬೆರಳು ಹೆಚ್ಚಾಗಿ ಉಳಿಯುತ್ತವೆ. 1974ರಲ್ಲಿ ಅಮೆರಿಕದ ಯೂಟಾದಲ್ಲಿ ರೂಪಿಸಿದ ಇನ್ನೊಂದು ಲೆಕ್ಕವಿದೆ, ಅದರಲ್ಲಿ 2.5ರಿಂದ 9.1 ಡಿಗ್ರಿಯ ಗಂಟೆಗೆ ಪೂರ್ತಿ ಒಂದು ಅಂಕ, 12.5ರಿಂದ 15.9ರ ನಡುವಿನ ಗಂಟೆಗೆ ಸೊನ್ನೆ, 18 ಡಿಗ್ರಿ ದಾಟಿದ ಗಂಟೆಗೆ ಒಂದು ಅಂಕ ಕಳೆಯಬೇಕು. ನಮ್ಮ ಜನವರಿಯ ಒಂದು ದಿನವನ್ನು ಅದಕ್ಕೆ ಹಾಕಿ ನೋಡಿ: ರಾತ್ರಿಯ ಗಳಿಕೆ ಸೊನ್ನೆ, ಹಗಲಿನ ನಷ್ಟ ಹತ್ತಾರು ಅಂಕ. ದಿನವೂ ಸಾಲವೇ ಬೆಳೆಯುವ ಖಾತೆ ಅದು. ಆದ್ದರಿಂದ 300 ಗಂಟೆಯ ತಳಿ ಒಳ್ಳೆಯದೋ 200 ಗಂಟೆಯ ತಳಿ ಒಳ್ಳೆಯದೋ ಎಂದು ಚೀಟಿ ನೋಡಿ ಆರಿಸುವುದಕ್ಕೆ ಇಲ್ಲಿ ಅರ್ಥವೇ ಇಲ್ಲ. ಎರಡನ್ನೂ ಪೂರೈಸುವ ಶಕ್ತಿ ನಮ್ಮ ಹವೆಗಿಲ್ಲ.

ಹಾಗಿದ್ದರೆ ಗಿಡ ಹೂ ಬಿಡುವುದು ಹೇಗೆ? ಬಿಡುತ್ತದೆ ಎಂಬುದಂತೂ ನಿಜ, ಅದೂ ಇಂದು ನಿನ್ನೆಯ ಮಾತಲ್ಲ. ಹಿಂದಿನ ಶತಮಾನದ ಮೊದಲ ಭಾಗದಲ್ಲಿ ಬೆಂಗಳೂರಿನ ಸುತ್ತಮುತ್ತ ರೋಮ್ ಬ್ಯೂಟಿ ಎಂಬ ಅಮೆರಿಕದ ಸೇಬನ್ನು ತೋಟವಾಗಿ ಬೆಳೆಯುತ್ತಿದ್ದರು. ಬೆಂಗಳೂರು ಮತ್ತು ಹಾಸನದ ಅಕ್ಷಾಂಶ ಹೆಚ್ಚುಕಡಿಮೆ ಒಂದೇ, ಎತ್ತರದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅದೇ ರೋಮ್ ಬ್ಯೂಟಿಯನ್ನು ಜಾವಾ ದ್ವೀಪದ ಮಲಾಂಗ್ ಬಳಿಯ ಬಾಟು ಎಂಬಲ್ಲಿ, ಭೂಮಧ್ಯರೇಖೆಯಿಂದ ಎಂಟು ಡಿಗ್ರಿಯಷ್ಟೇ ದೂರದಲ್ಲಿ, ದಶಕಗಳಿಂದ ಬೆಳೆಯುತ್ತಿದ್ದಾರೆ, ವರ್ಷಕ್ಕೆ ಎರಡು ಬೆಳೆಯನ್ನೂ ತೆಗೆಯುತ್ತಾರೆ. ಚಳಿ ಬಹಳ ಬೇಡುವ ತಳಿಯೆಂದು ಪಟ್ಟಿಗಳಲ್ಲಿ ಬರುವ ಸೇಬು ಇದು.

ಗುಟ್ಟು ಇರುವುದು ಎಲೆಯಲ್ಲಿ. ಸೇಬಿನ ಮೊಗ್ಗು ಗಾಢ ನಿದ್ರೆಗೆ ಜಾರುವುದಕ್ಕೆ ಹಗಲು ಕಿರಿದಾಗುವುದಕ್ಕಿಂತ ತಂಪು ಏರುವುದೇ ಮುಖ್ಯ ಕಾರಣ. ಆ ನಿದ್ರೆಯಿಂದ ಎಚ್ಚರಗೊಳ್ಳಲು ಮತ್ತೆ ಚಳಿಯೇ ಬೇಕು. ತಂಪು ಬಾರದ ಊರಿನಲ್ಲಿ ಗಿಡ ಪೂರ್ತಿ ಮಲಗುವುದೂ ಇಲ್ಲ, ಪೂರ್ತಿ ಏಳುವುದೂ ಇಲ್ಲ, ತೂಕಡಿಸುತ್ತಿರುತ್ತದೆ. ಆ ತೂಕಡಿಕೆ ಗಾಢವಾಗುವ ಮೊದಲೇ, ಮೊಗ್ಗು ಬಲಿತ ಹೊತ್ತಿನಲ್ಲಿ, ಎಲೆಗಳನ್ನೆಲ್ಲ ಕೈಯಿಂದ ಬಿಡಿಸಿಬಿಟ್ಟರೆ ಮೊಗ್ಗು ಒಡೆಯುತ್ತದೆ. ಬಾಟುವಿನ ರೈತರು ಕೊಯ್ಲಾದ ಕೆಲವೇ ವಾರಗಳಲ್ಲಿ ಮಾಡುವುದು ಇದನ್ನೇ. ಹಿರಿಯೂರಿನ ಕಡೆ ದಾಳಿಂಬೆಗೆ ನೀರು ಬಿಗಿಹಿಡಿದು ಎಲೆ ಉದುರಿಸಿ ಬಹಾರ್, ಅಂದರೆ ಹೂವಿನ ಫಸಲು, ಬಿಡಿಸುವುದನ್ನು ನೋಡಿದವರಿಗೆ, ವಿಜಯಪುರದ ದ್ರಾಕ್ಷಿ ತೋಟದಲ್ಲಿ ಚಾಟ್ನಿ (ಕೊಂಬೆ ಸವರುವ ಕೆಲಸ) ಮಾಡುವುದನ್ನು ನೋಡಿದವರಿಗೆ ಈ ಮಾತು ಹೊಸದೆನಿಸದು. ನಮ್ಮ ಕಾಫಿಯ ಮೊಗ್ಗು ಕೂಡ ಹೂ ಮಳೆಗಾಗಿ ಹೀಗೆಯೇ ಕಾದು ಕುಳಿತಿರುತ್ತದೆ, ಅಲ್ಲಿ ಎಬ್ಬಿಸುವ ಕೈ ಮಳೆಯದು ಎಂಬುದಷ್ಟೇ ಬೇರೆ.

ಎಲೆ ಬಿಡಿಸದೆ ಬಿಟ್ಟ ಗಿಡ ಏನು ಮಾಡುತ್ತದೆಂದು ನನ್ನ ಹೊಲದಲ್ಲೇ ನೋಡಿದ್ದೇನೆ. ಅರಸೀಕೆರೆ ರಸ್ತೆಯ ಬದಿಯ ಕೆಂಪು ಮಣ್ಣಿನಲ್ಲಿ ನಾನು ನೆಟ್ಟಿರುವ ಗಿಡಗಳಲ್ಲಿ ಒಂದನ್ನು ಫೆಬ್ರುವರಿಯಲ್ಲಿ ನೋಡಿದರೆ, ಮಾರುದ್ದದ ಕೊಂಬೆಯ ತುದಿಯಲ್ಲಿ ಒಂದು ಹಿಡಿ ಹಸಿರು, ಅದರ ಕೆಳಗೆ ಬೋಳು ಕಡ್ಡಿ, ಕಡ್ಡಿಯ ಉದ್ದಕ್ಕೂ ಉಗುರಿನಿಂದ ಕೆರೆದರೆ ಒಳಗೆ ಹಸಿಯಾಗಿಯೇ ಇರುವ, ಆದರೆ ಕಣ್ಣು ಬಿಡದ ಮೊಗ್ಗುಗಳು. ಗಿಡ ಪೊರಕೆಯನ್ನು ತಲೆಕೆಳಗಾಗಿ ನಿಲ್ಲಿಸಿದ ಹಾಗೆ ಕಾಣುತ್ತಿತ್ತು. ಒಂದೇ ಗಿಡದಲ್ಲಿ ಗೋಲಿ ಗಾತ್ರದ ಕಾಯಿ, ಅರಳಿದ ಹೂ, ಆಗ ತಾನೇ ಊದುತ್ತಿರುವ ಮೊಗ್ಗು ಮೂರೂ ಇದ್ದವು. ನೋಡುವವರು ಇದನ್ನು ‘ವರ್ಷವೆಲ್ಲ ಹೂ ಬಿಡುವ ಗಿಡ’ ಎಂದು ಮೆಚ್ಚುತ್ತಾರೆ. ವಾಸ್ತವವಾಗಿ ಅದು ರೋಗಲಕ್ಷಣ. ಎರಡು ತಿಂಗಳು ಹರಡಿಕೊಂಡ ಹೂವಿಗೆ ಔಷಧಿ ಹೊಡೆಯುವ ದಿನ ಯಾವುದು, ಕೊಯ್ಯುವ ದಿನ ಯಾವುದು ಎಂದು ಯಾರೂ ನಿಗದಿ ಮಾಡಲಾರರು.

ಹಾಗಾಗಿ ನಾವು ಪರೀಕ್ಷಿಸಬೇಕಾದದ್ದು ತಳಿಯೊಂದನ್ನೇ ಅಲ್ಲ, ತಳಿಯನ್ನೂ ಎಲೆ ಬಿಡಿಸುವ ದಿನವನ್ನೂ ಜೋಡಿಯಾಗಿ. ನಾನು ಹೇಳಬೇಕೆಂದು ಬಂದ ಮಾತು ಇದೇ, ಇದರ ಕಾರಣವನ್ನು ಸ್ವಲ್ಪ ವಿಸ್ತರಿಸುತ್ತೇನೆ. ತಾನಾಗಿ ಬಿಟ್ಟರೆ ಈ ತಳಿಗಳು ನಮ್ಮಲ್ಲಿ ಹೆಚ್ಚಾಗಿ ಫೆಬ್ರುವರಿಯ ಹೊತ್ತಿಗೆ ಹೂ ತೋರಿಸುತ್ತವೆ. ಹೂವಿನಿಂದ ಹಣ್ಣಿಗೆ ಮೂರೂವರೆ ನಾಲ್ಕು ತಿಂಗಳು ಬೇಕು. ಅಂದರೆ ಹಣ್ಣು ಮಾಗುವ ಹೊತ್ತಿಗೆ ಮೃಗಶಿರಾ ಮಳೆ ಹಿಡಿದಿರುತ್ತದೆ. ಉತ್ತರ ಭಾರತದಲ್ಲಿ ‘ಜೂನ್‌ನಲ್ಲಿ ಬರುವ ಸೇಬು’ ಎಂಬುದು ಈ ತಳಿಗಳ ದೊಡ್ಡ ಗುಣ, ಏಕೆಂದರೆ ಕಾಶ್ಮೀರದ ಹೊಸ ಹಣ್ಣು ಪೇಟೆಗೆ ಬರಲು ಇನ್ನೂ ಸಮಯವಿರುತ್ತದೆ. ಸಕಲೇಶಪುರದಲ್ಲಿ ಅದೇ ಜೂನ್ ಎಂದರೆ ಮೋಡ, ಜಿಟಿಜಿಟಿ, ಒದ್ದೆ ಎಲೆ, ಕಾಯಿಯ ಮೇಲೆ ಕೊಳೆಯ ಕಂದು ವೃತ್ತ. ಬದಲಿಗೆ ಸ್ವಾತಿ, ವಿಶಾಖ ಮಳೆಗಳು ಮುಗಿದು ಭೂಮಿ ಇನ್ನೂ ಹಸಿಯಾಗಿರುವ ನವೆಂಬರ್ ಕೊನೆಯಲ್ಲಿ ಎಲೆ ಬಿಡಿಸಿದರೆ, ಡಿಸೆಂಬರ್ ಕೊನೆಗೆ ಹೂ ಬಂದು, ಏಪ್ರಿಲ್ ಮೇ ತಿಂಗಳಲ್ಲಿ ಕೊಯ್ಲಾಗುವ ಸಾಧ್ಯತೆ ಇದೆ. ಆಲಿಕಲ್ಲಿನ ಭಯ ಇದ್ದೇ ಇದೆ, ಮಾರ್ಚಿನ ಪಡುವಣ ಬಿಸಿಲಿಗೆ ಕಾಯಿಯ ಕೆನ್ನೆ ಸುಡುವುದೂ ಇದೆ. ಆದರೂ ಒದ್ದೆಯಲ್ಲಿ ಮಾಗುವುದಕ್ಕಿಂತ ಒಣಹವೆಯಲ್ಲಿ ಮಾಗುವುದು ಮೇಲು.

ಇದರಿಂದ ಹೊರಡುವ ಒಂದು ತೀರ್ಮಾನ ಕೆಲವರಿಗೆ ಹಿಡಿಸಲಾರದು. ಸೇಬು ಎಂದಕೂಡಲೇ ನಮ್ಮವರ ಮನಸ್ಸು ಮಲೆನಾಡಿಗೆ ಹೋಗುತ್ತದೆ; ಮೂಡಿಗೆರೆ, ಸಕಲೇಶಪುರ, ಬಾಬಾಬುಡನ್‌ಗಿರಿಯ ತಪ್ಪಲು ತಂಪಲ್ಲವೇ ಎಂದು ಕೇಳುತ್ತಾರೆ. ತಂಪು ಹೌದು, ಸೇಬಿಗೆ ಬೇಕಾದ ತಂಪು ಅಲ್ಲ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯನ್ನು ಬಿಟ್ಟರೆ, ಜನ ಬೇಸಾಯ ಮಾಡುವ ಎತ್ತರದಲ್ಲಿ ಮಲೆನಾಡಿನ ತಂಪು ಮಳೆಗಾಲದ ತಂಪು, ಅದು ಚಳಿಯ ಲೆಕ್ಕಕ್ಕೆ ಸೇರುವುದಿಲ್ಲ, ಬೂಷ್ಟಿನ ಲೆಕ್ಕಕ್ಕೆ ಸೇರುತ್ತದೆ. ನನ್ನನ್ನು ಕೇಳಿದರೆ ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಕಡೆಯ ಒಣ ಹವೆಯಲ್ಲಿ, ಹನಿ ನೀರಾವರಿ ಇರುವ, ನೀರು ನಿಲ್ಲದ ಕೆಂಪು ಮಣ್ಣಿನಲ್ಲಿ ಮೊದಲ ಪರೀಕ್ಷೆಗಳಾಗಬೇಕು. ಆ ಮೂರೂ ಬಯಲು ತಾಲ್ಲೂಕುಗಳು. ಎಲೆ ಆರೋಗ್ಯವಾಗಿದ್ದು ನವೆಂಬರ್ ತನಕ ಗಿಡದ ಮೇಲೆ ಉಳಿದರಷ್ಟೇ ನಾವು ಬಿಡಿಸಲು ಅದು ಸಿಗುತ್ತದೆ. ಮಲೆನಾಡಿನಲ್ಲಿ ಚುಕ್ಕೆರೋಗ ಆಗಸ್ಟ್‌ನಲ್ಲೇ ಎಲೆ ಉದುರಿಸಿ, ಬೇಡದ ಸಮಯದಲ್ಲಿ ಹೂ ಬಿಡಿಸಿಬಿಡುತ್ತದೆ.

ಇನ್ನು ಯಾವ ತಳಿ ಎಂಬ ಪ್ರಶ್ನೆ. ಅನ್ನಾ ತಳಿಯನ್ನು ಇಸ್ರೇಲಿನ ಐನ್ ಶೆಮರ್ ಎಂಬ ಕಿಬ್ಬುಟ್ಸ್‌ನಲ್ಲಿ (ಸಾಮೂಹಿಕ ಬೇಸಾಯದ ಊರು) ಅಬ್ಬಾ ಸ್ಟೈನ್ ಅವರು ಗೋಲ್ಡನ್ ಡೆಲಿಷಿಯಸ್‌ನ ಸಂಕರದಿಂದ ಪಡೆದರು. ಡಾರ್ಸೆಟ್ ಗೋಲ್ಡನ್ ಸಿಕ್ಕಿದ್ದು ಬಹಾಮಾಸ್ ದ್ವೀಪಗಳ ನಸ್ಸಾವಿನಲ್ಲಿ, ಒಬ್ಬರ ಮನೆಯಂಗಳದಲ್ಲಿ. ನಸ್ಸಾವ್ ಸಮುದ್ರದಂಡೆಯ ಊರು, ಅಲ್ಲಿಯ ಜನವರಿಯ ರಾತ್ರಿ ನಮ್ಮ ಹಾಸನದ ಜನವರಿಯ ರಾತ್ರಿಗಿಂತ ಬೆಚ್ಚಗಿರುತ್ತದೆ. ಹುಟ್ಟಿದ ಊರಿನ ಹವೆಯನ್ನು ನೋಡಿದರೆ ನಮಗೆ ಹತ್ತಿರದ ನೆಂಟ ಇದೇ, ಹೊಳೆಯುವ ಕೆಂಪು ಬಣ್ಣವಿಲ್ಲದ ಕಾರಣ ಮಾರುವವರು ಇದರ ಹೆಸರನ್ನು ಕೊನೆಯಲ್ಲಿ ಹೇಳುತ್ತಾರೆ ಅಷ್ಟೆ. ಅನ್ನಾ ತನ್ನದೇ ಪರಾಗದಿಂದ ಸರಿಯಾಗಿ ಕಾಯಿ ಕಚ್ಚುವುದಿಲ್ಲ, ಅದರ ಜೊತೆಗೆ ಡಾರ್ಸೆಟ್ ಗೋಲ್ಡನ್ ಇರಲೇಬೇಕು, ಎರಡರ ಹೂವೂ ಒಂದೇ ವಾರದಲ್ಲಿ ಅರಳಬೇಕು. ಈ ಎರಡರ ಜೊತೆಗೆ ಎಚ್‌ಆರ್‌ಎಂಎನ್-99 ಸೇರಿಸಿಕೊಂಡು ಆರಂಭಿಸಬಹುದು.

ನನ್ನ ಪರೀಕ್ಷೆಯಲ್ಲಿರುವುದು ಈ ಮೂರೇ ತಳಿ, ಒಟ್ಟು 36 ಗಿಡ. ಮೊದಲ ಸಲ ನೆಟ್ಟಾಗ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಒಂದೊಂದು ತಳಿಯನ್ನು ಒಂದೊಂದು ಸಾಲಿಗೆ ಹಾಕಿದೆ. ಕಣ್ಣಿಗೆ ಚಂದ, ನೆನಪಿಗೆ ಸುಲಭ. ಡಾರ್ಸೆಟ್ ಗೋಲ್ಡನ್ ಸಾಲು ಬಂದದ್ದು ಇಳಿಜಾರಿನ ಕೆಳಗೆ, ಗೋಡು ಮಣ್ಣು ಬಂದು ನಿಲ್ಲುವ ಕಡೆ. ಎರಡೇ ವರ್ಷದಲ್ಲಿ ಅದು ಉಳಿದವನ್ನು ಮೀರಿಸಿ ನಿಂತಿತು. ಗೆದ್ದದ್ದು ತಳಿಯೋ ಮಣ್ಣೋ ಎಂದು ಇವತ್ತಿಗೂ ನಾನು ಹೇಳಲಾರೆ. ಎರಡನೆಯ ಸಲ ಹೊಲವನ್ನು ಇಳಿಜಾರಿಗೆ ಅಡ್ಡಲಾಗಿ ನಾಲ್ಕು ಪಟ್ಟಿ ಮಾಡಿ, ಪ್ರತಿ ಪಟ್ಟಿಯಲ್ಲೂ ಮೂರೂ ತಳಿಯ ಮೂರು ಮೂರು ಗಿಡ ಬರುವಂತೆ, ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ ನೆಟ್ಟೆ. ಅದರಲ್ಲಿಯೂ ಅನ್ನಾ ಎಂದು ಕೊಂಡ ಗಿಡಗಳ ಪೈಕಿ ಎರಡು ಅನ್ನಾ ಆಗಿರಲಿಲ್ಲ. ಕಸಿ ಸತ್ತು, ಬುಡಗಿಡದ (ಕಸಿಗೆ ಬೇರು ಕೊಡುವ ಕೆಳಗಿನ ಗಿಡದ) ಚಿಗುರೇ ಬೆಳೆದು ನಿಂತದ್ದನ್ನು ನರ್ಸರಿಯವರು ಹಾಗೆಯೇ ಕೊಟ್ಟಿದ್ದರು. ಕೊಳ್ಳುವಾಗ ಕಸಿಯ ಗಂಟಿನ ಮೇಲಿಂದಲೇ ಚಿಗುರು ಹೊರಟಿದೆಯೇ ಎಂದು ಬೆರಳಿಟ್ಟು ನೋಡಿ. ಬುಡಗಿಡ ಯಾವುದೆಂದೂ ಕೇಳಿ ಬರೆದುಕೊಳ್ಳಿ. ಬೆಂಗಳೂರಿನ ಹಳೆಯ ಸೇಬಿನ ತೋಟಗಳನ್ನು ಕಾಡಿದ ಬಿಳಿ ಉಣ್ಣೆಹೇನು ಬೇರಿನಲ್ಲೂ ಅಡಗುವ ಕೀಟ. ಅದನ್ನು ತಡೆಯಲೆಂದೇ ಇಂಗ್ಲೆಂಡಿನಲ್ಲಿ ಎಂಎಂ ಸರಣಿಯ ಬುಡಗಿಡಗಳನ್ನು ರೂಪಿಸಿದರು. ಅವುಗಳಲ್ಲಿ ಎಂಎಂ-106 ನೀರು ನಿಂತರೆ ಬುಡ ಕೊಳೆಯುವಂಥದ್ದು, ಎಂಎಂ-111 ಬರವನ್ನು ಹೆಚ್ಚು ತಾಳುವಂಥದ್ದು.

ದಾಖಲೆಯ ವಿಷಯಕ್ಕೆ ಬಂದರೆ, ಒಂದು ನೋಟ್‌ಬುಕ್, ಟೈಲರ್ ಟೇಪು, ಚಾಕು ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಎಲೆ ಬಿಡಿಸುವ ದಿನ ಪ್ರತಿ ಗಿಡದಲ್ಲಿ ನಾಲ್ಕು ದಿಕ್ಕಿನ ನಾಲ್ಕು ಕೊಂಬೆಗೆ ದಾರ ಕಟ್ಟಿ ಮೊಗ್ಗುಗಳನ್ನು ಎಣಿಸಿ ಬರೆಯಬೇಕು, ಐದು ವಾರದ ಬಳಿಕ ಒಡೆದವೆಷ್ಟು ಎಂದು ಮತ್ತೆ ಎಣಿಸಬೇಕು. ನೂರಕ್ಕೆ ಎಷ್ಟು ಒಡೆದವು ಎಂಬ ಆ ಒಂದು ಅಂಕಿ, ತಳಿ ನಮ್ಮ ಹವೆಗೆ ಒಪ್ಪಿತೇ ಎಂಬುದನ್ನು ಹಣ್ಣಿನ ತೂಕಕ್ಕಿಂತ ಮೊದಲೇ ಹೇಳುತ್ತದೆ. ಮೊದಲ ಹೂವಿನ ದಿನ ಮತ್ತು ಕೊನೆಯ ಹೂವಿನ ದಿನ ಬರೆಯಿರಿ, ನಡುವಿನ ಅಂತರ ಹೆಚ್ಚಿದಷ್ಟೂ ಗಿಡ ಗೊಂದಲದಲ್ಲಿದೆ. ಇಳುವರಿಯನ್ನು ಗಿಡಕ್ಕಿಷ್ಟು ಕಿಲೋ ಎಂದು ಹೇಳಿ ನಿಲ್ಲಿಸಬಾರದು, ಏಕೆಂದರೆ ದೊಡ್ಡ ಗಿಡ ಹೆಚ್ಚು ಕೊಡುವುದು ಸಹಜ. ಕಸಿಯ ಗಂಟಿನ ಒಂದು ಗೇಣು ಮೇಲೆ ಕಾಂಡದ ಸುತ್ತಳತೆ ಹಿಡಿದು, ಅದನ್ನು ಅದರಿಂದಲೇ ಗುಣಿಸಿ, 12.57ರಿಂದ ಭಾಗಿಸಿದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಬರುತ್ತದೆ. ಉದಾಹರಣೆಗೆ ಸುತ್ತಳತೆ 22 ಸೆಂ.ಮೀ. ಇದ್ದರೆ ವಿಸ್ತೀರ್ಣ 38.5 ಚದರ ಸೆಂ.ಮೀ. ಆ ಗಿಡ 15 ಕಿಲೋ ಕೊಟ್ಟರೆ ಚದರ ಸೆಂ.ಮೀ.ಗೆ 0.39 ಕಿಲೋ ಬಿದ್ದಂತಾಯಿತು. ತಳಿಗಳನ್ನು ಹೋಲಿಸಬೇಕಾದದ್ದು ಈ ಅಂಕಿಯಿಂದ.

ಚಾಕುವಿನ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಹಣ್ಣನ್ನು ತೊಟ್ಟಿನಿಂದ ಕೆಳಕ್ಕೆ ಕತ್ತರಿಸದೆ ನಡುವಿಗೆ ಅಡ್ಡಲಾಗಿ ಕತ್ತರಿಸಿ. ಐದು ಎಸಳಿನ ನಕ್ಷತ್ರ ಕಾಣುತ್ತದೆ, ಒಂದೊಂದು ಮನೆಯಲ್ಲಿ ಸಾಮಾನ್ಯವಾಗಿ ಎರಡೆರಡು ಬೀಜ, ಪೂರ್ತಿ ಪರಾಗ ಬಿದ್ದಿದ್ದರೆ ಹತ್ತು. ನನ್ನ ಒಂದು ಸೊಟ್ಟ ಹಣ್ಣಿನಲ್ಲಿ ಕಂದು ಬಣ್ಣದ ಬಲಿತ ಬೀಜ ಎರಡೇ ಇದ್ದವು, ಎರಡೂ ಒಂದೇ ಬದಿಯಲ್ಲಿ, ಹಣ್ಣು ಉಬ್ಬಿದ್ದೂ ಅದೇ ಬದಿಗೆ. ಇನ್ನೊಂದು ಬದಿಯ ಮನೆಗಳಲ್ಲಿ ಕಾಗದದಂಥ ಜೊಳ್ಳು. ಆ ಹಣ್ಣನ್ನು ನೋಡಿ ಹವೆಯನ್ನು ಬಯ್ಯುವ ಹಾಗಿರಲಿಲ್ಲ, ಆ ವಾರ ಜೊತೆಗಿಡ ಅರಳಿರಲಿಲ್ಲ, ತುಡುವೆ ಜೇನೂ ಹತ್ತಿರದಲ್ಲಿರಲಿಲ್ಲ. ಕತ್ತರಿಸಿದ ಇನ್ನರ್ಧಕ್ಕೆ ಔಷಧಿ ಅಂಗಡಿಯ ಅಯೋಡಿನ್ ದ್ರಾವಣ ಸವರಿದರೆ ಪಿಷ್ಟ ಇರುವ ಕಡೆಯೆಲ್ಲ ಕಪ್ಪು ನೀಲಿಯಾಗುತ್ತದೆ. ಪೂರ್ತಿ ಕಪ್ಪಾದರೆ ಕಾಯಿ ಎಳೆಯದು, ನಕ್ಷತ್ರದ ಸುತ್ತ ಬಿಳಿ ಬಿಡುತ್ತಾ ಬಂದರೆ ಮಾಗುತ್ತಿದೆ. ನಮ್ಮಲ್ಲಿ ಬಣ್ಣ ನೋಡಿ ಕೊಯ್ಯುವಂತಿಲ್ಲ, ರಾತ್ರಿ ಸಾಕಷ್ಟು ತಂಪಾಗದ ಕಾರಣ ಕೆಂಪು ಸರಿಯಾಗಿ ಏರುವುದೇ ಇಲ್ಲ. ಬಣ್ಣಕ್ಕೆ ಕಾದವರ ಹಣ್ಣು ಹಿಟ್ಟು ಹಿಟ್ಟಾಗಿರುತ್ತದೆ.

ಎಷ್ಟು ವರ್ಷ ನೋಡಬೇಕು? ಫಲ ಹಿಡಿದ ಮೇಲೆ ಕಡಿಮೆಯೆಂದರೆ ನಾಲ್ಕು ಬೆಳೆ. ಒಂದು ವರ್ಷ ಹೊರೆ, ಮರುವರ್ಷ ಬರಿಗೈ ಎಂಬುದು ಸೇಬಿನ ಹುಟ್ಟುಗುಣ, ಹಾಗಾಗಿ ಎರಡು ವರ್ಷದ ಲೆಕ್ಕ ಮೋಸ ಮಾಡುತ್ತದೆ. ಈ ಸೀಮೆಗೆ ಇಂಥ ಪಾಠ ಹೊಸದೇನಲ್ಲ. ಕಾಫಿಯಲ್ಲಿ ಕೆಂಟ್ ತಳಿ ತುಕ್ಕುರೋಗವನ್ನು ತಡೆಯುತ್ತದೆಂದು ಹಿಂದಿನ ಶತಮಾನದ ಆರಂಭದಲ್ಲಿ ಹೆಸರು ಮಾಡಿತು, ಮುಂದೆ ಅದಕ್ಕೂ ತುಕ್ಕು ಹತ್ತಿತು. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ಎಸ್-795 ಅದೇ ಕೆಂಟ್‌ನ ಸಂಕರ, ಅದನ್ನು ಇಂದಿಗೂ ಬೆಳೆಯುತ್ತಿದ್ದೇವೆ. ಹಾಸನದ ಆಲೂಗಡ್ಡೆ ಬೆಳೆಗಾರರಿಗಂತೂ ಜಲಂಧರ್‌ನಿಂದ ಬಂದ ಬೀಜದ ಚೀಲ ಬಿಚ್ಚಿದಾಗಿನ ನಂಬಿಕೆಗೂ ಅಂಗಮಾರಿ ಬಿದ್ದ ಹೊಲಕ್ಕೂ ಇರುವ ಅಂತರವನ್ನು ನಾನು ವಿವರಿಸಬೇಕಾಗಿಲ್ಲ.

ಸಭೆಯಲ್ಲಿ ಒಬ್ಬರು, ಎಕರೆಗಟ್ಟಲೆ ಹಾಕಬಹುದೇ ಎಂದು ಕೇಳಿದರು. ಈಗ ಬೇಡ ಎಂದೆ. ಬೆಳೆದು ನಿಂತ ಒಂದು ಗಿಡದ ಎಲೆಯನ್ನೆಲ್ಲ ಮೊಗ್ಗು ನೋಯದಂತೆ ಬಿಡಿಸುವುದು ಒಬ್ಬಾಳಿಗೆ ಸಣ್ಣ ಕೆಲಸವಲ್ಲ. ಅದೂ ನವೆಂಬರ್ ಕೊನೆಯಲ್ಲಿ, ರಾಗಿ ಕೊಯ್ಲು ಒಂದು ಕಡೆ, ಅರೇಬಿಕಾ ಹಣ್ಣು ಬಿಡಿಸುವುದು ಇನ್ನೊಂದು ಕಡೆ ಆಳುಗಳನ್ನು ಎಳೆಯುತ್ತಿರುವ ಹೊತ್ತಿನಲ್ಲಿ. ಆ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದ ಯಾವ ಲಾಭದ ಪಟ್ಟಿಯನ್ನೂ ನಂಬಬೇಡಿ. ಇಪ್ಪತ್ತೋ ಮೂವತ್ತೋ ಗಿಡ ನೆಡಿ, ಅರ್ಧಕ್ಕೆ ಎಲೆ ಬಿಡಿಸಿ, ಅರ್ಧವನ್ನು ಹಾಗೆಯೇ ಬಿಡಿ, ಎರಡರ ಲೆಕ್ಕವನ್ನೂ ಇಡಿ.

ಇನ್ನೊಬ್ಬರು, ಈಗಾಗಲೇ ನೆಟ್ಟು ನಾಲ್ಕು ವರ್ಷವಾದರೂ ಮೊಗ್ಗೊಡೆಯದ ಗಿಡಗಳನ್ನು ಕಿತ್ತುಬಿಡಲೇ ಎಂದು ಕೇಳಿದರು. ಕೀಳಬೇಡಿ. ಬೇರು ನಿಮ್ಮ ಮಣ್ಣಿಗೆ ಹೊಂದಿಕೊಂಡಾಗಿದೆ, ಅದು ನಾಲ್ಕು ವರ್ಷದ ಗಳಿಕೆ. ಮೊದಲು ಈ ವರ್ಷ ಕೊಂಬೆಗಳನ್ನು ಹಗ್ಗ ಕಟ್ಟಿ ಅಡ್ಡಕ್ಕೆ ಬಗ್ಗಿಸಿ, ಎಲೆ ಬಿಡಿಸಿ ನೋಡಿ. ನೆಟ್ಟಗೆ ನಿಂತ ಕೊಂಬೆಯಲ್ಲಿ ತುದಿಮೊಗ್ಗಿನ ದರ್ಬಾರು, ಅಡ್ಡ ಮಲಗಿದ ಕೊಂಬೆಯಲ್ಲಿ ಪಕ್ಕದ ಮೊಗ್ಗುಗಳಿಗೂ ಸರದಿ ಬರುತ್ತದೆ. ಆಗಲೂ ಒಡೆಯದಿದ್ದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ತಲೆ ಕತ್ತರಿಸಿ, ಅದೇ ಕಾಂಡದ ಮೇಲೆ ಒಡೆಯುವ ತಳಿಯ ಕಡ್ಡಿಯಿಂದ ಕಸಿ ಕಟ್ಟಬಹುದು. ಕಟ್ಟಿದ ತಳಿಯ ಹೆಸರನ್ನು ಮಾರ್ಕರ್ ಪೆನ್ನಿನಿಂದ ಪ್ಲಾಸ್ಟಿಕ್ ಚೀಟಿಯ ಮೇಲೆ ಬರೆಯಬೇಡಿ, ಒಂದು ಬೇಸಿಗೆಗೆ ಅದು ಅಳಿಸಿಹೋಗುತ್ತದೆ; ಅಲ್ಯುಮಿನಿಯಂ ತಗಡಿನ ಚೂರಿನ ಮೇಲೆ ಸೀಸದ ಕಡ್ಡಿಯಿಂದ ಒತ್ತಿ ಬರೆದು, ಕಾಂಡ ದಪ್ಪವಾದಾಗ ಕೊರೆಯದಂತೆ ಸಡಿಲವಾಗಿ ಕಟ್ಟಿ.